ಸೀದ ಎಣ್ಣೆಯ ವಾಸನೆ

ಇನ್ನೂ ಪೂರ್ತಿ ಬೆಳಕಾಗಿಲ್ಲ. ಗೆಜ್ಜಲಗೆರೆಯ ಹೆದ್ದಾರಿ ಪಕ್ಕದ ತಗಡಿನ ಶೆಡ್ಡಿನಲ್ಲಿ ಒಂದು ಬಿಳಿ ಕಾರು ನಿಂತಲ್ಲೇ ಗುರುಗುಟ್ಟುತ್ತಿದೆ. ಒಳಗೆ ಕೂತಿರುವ ಪುನೀತ್ ಕಾರ್ಖಾನೆಯ ರಾತ್ರಿ ಪಾಳಿ ಮುಗಿಸಿ ನೇರ ಇಲ್ಲಿಗೆ ಬಂದವರು. ಮೆಕ್ಯಾನಿಕ್ ಚಿಕ್ಕಬೋರಯ್ಯ ಹೇಳಿದ ಹಾಗೆ ಗೇರನ್ನು ಒಂದೊಂದಾಗಿ ಹಾಕಿ ಮತ್ತೆ ಪಾರ್ಕಿಂಗಿಗೆ ತರುತ್ತಾರೆ. ಎಂಜಿನ್ ಬಿಸಿಯಾಗಿ ಓಡುತ್ತಿರುವಾಗಲೇ ಚಿಕ್ಕಬೋರಯ್ಯ ಅಳತೆ ಕಡ್ಡಿ ಎಳೆದು, ಒರೆಸಿ, ಮತ್ತೆ ಅದ್ದಿ ತೆಗೆದು, ತುದಿಯ ಎಣ್ಣೆಯನ್ನು ಹಳೇ ಪಂಚೆಯ ಚೂರಿಗೆ ಸವರುತ್ತಾರೆ. ಚೂರನ್ನು ತಾವು ಮೂಸುವುದಿಲ್ಲ. ಪಕ್ಕದಲ್ಲಿ ನಿಂತ ಹೆಂಡತಿ ಪಟ್ಟಲಮ್ಮನ ಕೈಗೆ ಕೊಡುತ್ತಾರೆ.

"ಸೀದೋಗದೆ ಕಣ. ತಳ ಅತ್ತಿದ ಪಾಕದಂಗದೆ," ಎನ್ನುತ್ತಾರೆ ಪಟ್ಟಲಮ್ಮ.

ಚಿಕ್ಕಬೋರಯ್ಯ ಬಾನೆಟ್ ಮುಚ್ಚುತ್ತಾರೆ. "ಎಣ್ಣೆ ಬದ್ಲಾಯ್ಸದು ಬ್ಯಾಡ ಪುನೀತಪ್ಪ. ಓಡೋಗಂಟ ಓಡ್ಸಿ. ಒಳಗಿನ ಪ್ಲೇಟು ಸುಟ್ಟೋಗವೆ. ಈಗ ಒಸ ಎಣ್ಣೆ ಉಯ್ದ್ರೆ ನಿಂತೇ ಓಯ್ತದೆ."

ಪುನೀತ್ ಮುಖ ಸಣ್ಣದು ಮಾಡಿಕೊಂಡು ಮಂಡ್ಯದ ಕಡೆ ಹೊರಡುತ್ತಾರೆ. ಅಲ್ಲಿ ಯಾರಾದರೂ ನಗುನಗುತ್ತಾ ಬದಲಾಯಿಸಿ ಕೊಡುತ್ತಾರೆ. ಶೆಡ್ಡಿಗೆ ಬೋಣಿ ಇಲ್ಲ.

ಕ್ಲಚ್ ತುಳಿಯದೆ ಓಡಿಸುವ ಆಟೋಮ್ಯಾಟಿಕ್ ಕಾರಿಗೆ ಗೇರ್‌ಬಾಕ್ಸಿನ ಎಣ್ಣೆಯೇ ಜೀವ. ಒಳ್ಳೆಯ ಎಣ್ಣೆ ಕೆಂಪಗಿರುತ್ತದೆ. ಬರೀ ಮಾಸಿದ್ದರೆ ಇಳಿಸಿ ಹೊಸದು ಹಾಕಬಹುದು. ಸೀದಿದ್ದರೆ ಒಳಗಿನ ಪ್ಲೇಟುಗಳು ಸವೆದಿವೆ ಎಂದರ್ಥ. ಆಗ ಆ ಹೊಲಸು ಎಣ್ಣೆಯಲ್ಲಿ ಸೇರಿದ ಪುಡಿಯೇ ಪ್ಲೇಟುಗಳಿಗೆ ಹಿಡಿತ ಕೊಡುತ್ತಿರುತ್ತದೆ. ಅದನ್ನು ತೆಗೆದರೆ ಗಾಡಿ ಎಳೆಯುವುದಿಲ್ಲ. ಮಾಸಿದ್ದೋ ಸೀದಿದ್ದೋ ಎಂದು ಕಣ್ಣಿಗೆ ಸರಿಯಾಗಿ ಗೊತ್ತಾಗುವುದಿಲ್ಲ, ಮೂಗೇ ಹೇಳಬೇಕು.

ಚಿಕ್ಕಬೋರಯ್ಯನ ಮೂಗು ಪಳಗಿದ್ದು ಆಲೆಮನೆಯಲ್ಲಿ. ಅಪ್ಪ ಬೆಲ್ಲದ ಪಾಕ ಇಳಿಸುವವರು. ಕೊಪ್ಪರಿಗೆಯ ಹಬೆ ಮೂಸಿ, ಹನಿ ಪಾಕವನ್ನು ಬೆರಳ ನಡುವೆ ಉಜ್ಜಿ ಹದ ಹೇಳುತ್ತಿದ್ದರು. ಅದೇ ಆಲೆಮನೆಯಲ್ಲಿ ಒಲೆಗೆ ರಚ್ಚು, ಅಂದರೆ ಒಣಗಿದ ಕಬ್ಬಿನ ಸಿಪ್ಪೆ, ಹಾಕುತ್ತಿದ್ದವರು ಪಟ್ಟಲಮ್ಮ. ಆಲೆಮನೆ ಮುಚ್ಚಿದ ಮೇಲೆ ಚಿಕ್ಕಬೋರಯ್ಯ ಬೆಂಗಳೂರಿನ ಗ್ಯಾರೇಜೊಂದರಲ್ಲಿ ಈ ಕೆಲಸ ಕಲಿತು ಊರಿಗೆ ಮರಳಿದರು. ಬೆಂಗಳೂರಿನವರು ಮಾರಿದ ಹಳೇ ಆಟೋಮ್ಯಾಟಿಕ್‌ಗಳು ಮಳವಳ್ಳಿ, ಕಿರುಗಾವಲು ಕಡೆ ಬರತೊಡಗಿದಾಗ ಶೆಡ್ಡಿಗೂ ಕಳೆ ಬಂತು. ಈಗ ವಾರಕ್ಕೆ ಎರಡು ಕಾರು ಬಂದರೆ ಹೆಚ್ಚು.

ಚಿಕ್ಕಬೋರಯ್ಯನಿಗೆ ಕೊರೊನಾ ಜ್ವರ ಬಂದು ಹೋಯಿತು. ಹೋಗುವಾಗ ವಾಸನೆ ಹಿಡಿಯುವ ಶಕ್ತಿಯನ್ನೂ ತೆಗೆದುಕೊಂಡು ಹೋಯಿತು, ಅದು ಇವತ್ತಿನವರೆಗೂ ಮರಳಿಲ್ಲ. ಚಿಕ್ಕಬೋರಯ್ಯ ಯಾರಿಗೂ ಹೇಳಲಿಲ್ಲ, ಹೆಂಡತಿಗೂ. ಬಟ್ಟೆ ಚೂರನ್ನು ಮೂಗಿಗೆ ಹಿಡಿದು ತಲೆಯಾಡಿಸುತ್ತಿದ್ದರು, ಅಷ್ಟೆ.

ಆ ದಿನಗಳಲ್ಲಿ ಮದ್ದೂರಿನ ಶಶಿಧರ್ ಮೇಷ್ಟ್ರು ಕಾರು ತಂದರು. ಪೋಲಿಯೊದಿಂದ ಅವರ ಎಡಗಾಲಿಗೆ ಶಕ್ತಿಯಿಲ್ಲ, ಕ್ಲಚ್ ತುಳಿಯಲಾಗದು. ತಾಯಿ ಅಂಕಮ್ಮನನ್ನು ಡಯಾಲಿಸಿಸ್‌ಗೆಂದು ಮಂಡ್ಯಕ್ಕೆ ಕರೆದೊಯ್ಯಲೆಂದೇ ಆ ಕಾರು ಕೊಂಡಿದ್ದರು. ಚಿಕ್ಕಬೋರಯ್ಯ ಎಣ್ಣೆ ಮೂಸಿದ ಹಾಗೆ ಮಾಡಿದರು, ಬದಲಾಯಿಸಿದರು. ವಾರ ತುಂಬುವುದರೊಳಗೆ ಗೇರ್‌ಬಾಕ್ಸ್ ಎಳೆಯುವುದನ್ನೇ ಬಿಟ್ಟಿತು. ರಿಪೇರಿ ಕೈಗೆಟುಕಲಿಲ್ಲ, ಕಾರು ಗುಜರಿಗೆ ಹೋಯಿತು.

"ಗಾಡಿಗೆ ವಯಸ್ಸಾಗಿತ್ತು ಮೇಷ್ಟ್ರೆ ಅಂದ್ಬುಟ್ಟೆ ಸಾ. ಅವ್ರು ನನ್ ಭುಜ ತಟ್ಟಿ, ನೀವೇನ್ ಮಾಡಕ್ಕಾಗ್ತದೆ ಬೋರಣ್ಣ ಅಂದ್ರು. ಬೈದಿದ್ರೆ ಎಷ್ಟೋ ಚೆಂದಾಗಿರದು," ಎಂದು ಚಿಕ್ಕಬೋರಯ್ಯ ನನಗೆ ಹೇಳುತ್ತಾರೆ.

ಅವತ್ತು ರಾತ್ರಿ ಊಟ ಸೇರದೆ ಹೆಂಡತಿಗೆ ಎಲ್ಲ ಹೇಳಿಕೊಂಡರಂತೆ. ಮಾರನೆಯ ದಿನದಿಂದ ಪಟ್ಟಲಮ್ಮ ಶೆಡ್ಡಿಗೆ ಬರುತ್ತಾರೆ. ಆದರೆ ಮೇಷ್ಟ್ರ ಮುಂದೆ ಇಬ್ಬರೂ ಇನ್ನೂ ಬಾಯಿ ಬಿಟ್ಟಿಲ್ಲ.

ಮದ್ದೂರಿನಿಂದ ಮಂಡ್ಯಕ್ಕೆ ಹೋಗುವ ಬಸ್ಸು ಶೆಡ್ಡಿನ ಮುಂದೆಯೇ ಹಾಯುತ್ತದೆ. ಡಯಾಲಿಸಿಸ್ ಇರುವ ಬೆಳಿಗ್ಗೆ ತಾಯಿ ಮಗ ಅದರಲ್ಲಿರುತ್ತಾರೆ. ಇವತ್ತೂ ಬಸ್ಸು ಬರುತ್ತದೆ. ಕಿಟಕಿಯಲ್ಲಿ ಅಂಕಮ್ಮನ ತಲೆ ಸರಳಿಗೆ ಒರಗಿದೆ. ಕುಂಟುಗಾಲಿನ ಮಗ ಪಕ್ಕದಲ್ಲಿ ಕಂಬಿ ಹಿಡಿದು ನಿಂತಿದ್ದಾರೆ. ಚಿಕ್ಕಬೋರಯ್ಯ ಶೆಡ್ಡಿನ ಒಳಕ್ಕೆ ಸರಿಯುತ್ತಾರೆ. ಭಾನುವಾರದ ಪತ್ರಿಕೆಯಲ್ಲಿ ಇಂಥವರನ್ನು ಹೊಗಳಿ ಬರೆಯಲು ಬಂದವನು ನಾನು.

ನಿಮ್ಮ ಆಸೆ ಏನು ಎಂದು ಎಲ್ಲರನ್ನೂ ಕೇಳುವ ಹಾಗೆ ಅವರನ್ನೂ ಕೇಳುತ್ತೇನೆ. ಚಿಕ್ಕಬೋರಯ್ಯ ಕೈಯ ಎಣ್ಣೆಯನ್ನು ಪಂಚೆಯ ಚೂರಿಗೆ ಒರೆಸಿಕೊಳ್ಳುತ್ತಾರೆ.

"ಮುಟ್ದೆ ಬುಟ್ಟಿದ್ರೆ ಇನ್ನೊಂದಷ್ಟು ದಿನ ಓಡ್ತಿತ್ತು ಸಾ ಆ ಗಾಡಿ. ನಂಗೆ ವಾಸ್ನೆ ಗೊತ್ತಾಗ್ತಿರ್ನಿಲ್ಲ ಅಂತ ಬರೀರಿ. ನನ್ ಎಸ್ರನ್ನೂ ಆಕ್ಬುಟ್ಟೇ ಬರೀರಿ."

"ಸುಮ್ಕಿರು ನೀನು," ಪಟ್ಟಲಮ್ಮ ಸಿಡುಕುತ್ತಾರೆ. "ಅದ್ನ ಓದಿ ಯಾವನ್ ಕಾರು ತತ್ತಾನೆ? ನಾಳಿಕ್ಕೆ ಒಲೆ ಅತ್ತಬ್ಯಾಡ್ವಾ?"

ಚಿಕ್ಕಬೋರಯ್ಯ ಹೆಂಡತಿಯತ್ತ ತಿರುಗುವುದಿಲ್ಲ.

"ಬರೀರಿ ಸಾ. ಮೇಷ್ಟ್ರು ಭಾನುವಾರದ ಪೇಪರು ತಪ್ಸಕಿಲ್ಲ. ನಂಗೆ ಅವ್ರೆದುರು ನಿಂತ್ಕಂಡು ಯೋಳಕ್ಕೆ ಧೈರ್ಯ ಸಾಲ್ದು."