ಇಳಿತದ ಗೆರೆ

ಮಾಸ್ತಿ ನಾಯ್ಕ ಪುಕ್ಕಲನಾಗಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ಬರುವುದೆಲ್ಲ ಅವನ ಹೆದರಿಕೆಯ ಸುದ್ದಿಯೇ. ಹದಿನಾರನೆಯ ವಯಸ್ಸಿನಿಂದ ಇಪ್ಪತ್ತೈದು ವರ್ಷ ಅವನು ಹೊಳೆಯ ಈ ದಡದ ಕಾಸರಕೋಡಿನಿಂದ ಆ ದಡದ ಹೊನ್ನಾವರಕ್ಕೆ ಜನ ದಾಟಿಸುವ ತಾರಿ ದೋಣಿಯಲ್ಲಿ ಹುಟ್ಟು ಹಾಕಿದ. ಆಷಾಢದಲ್ಲಿ ಶರಾವತಿ ಕೆಂಪಗಾಗಿ, ಬೇರುಸಹಿತ ಮರಗಳು ಅಳಿವೆಯ ಕಡೆ ತೇಲಿಹೋಗುವಾಗ ದೋಣಿಯಲ್ಲಿದ್ದವರು ಅಂಚು ಹಿಡಿದು ದೇವರನ್ನು ಕರೆಯುತ್ತಿದ್ದರು. ಮಾಸ್ತಿ ಎಲೆಯಡಿಕೆ ಜಗಿಯುತ್ತ, ‘ಕರೀರಿ ಕರೀರಿ, ಅವಂಗೂ ಈಜು ಬರಬೇಕಲ್ಲ’ ಎಂದು ತಮಾಷೆ ಮಾಡುತ್ತಿದ್ದ.

ನಲವತ್ತನೆಯ ಇಸವಿಯ ಮಳೆಗಾಲದಲ್ಲಿ ದೋಣಿ ದಡದ ದಕ್ಕೆಯ ಕಟ್ಟೆಗೆ ಬಡಿದು ಅವನ ಬಲಗಡೆಯ ಹೆಗಲು ಜಾರಿತು. ನಾಟಿ ವೈದ್ಯ ಎಳೆದು ಕೂರಿಸಿದನೇನೋ ಸರಿ, ಆದರೆ ಕೈ ತಲೆಯಿಂದ ಮೇಲೆ ಏಳಲೇ ಇಲ್ಲ. ಹುಟ್ಟು ಹಾಕುವ ಕೆಲಸ ಅಲ್ಲಿಗೆ ಮುಗಿಯಿತು. ಮಗಳನ್ನು ಮಾವಳ್ಳಿಗೆ ಕೊಟ್ಟಾಗಿತ್ತು. ಮನೆಯಲ್ಲಿ ಅವನು ಮತ್ತು ಹೆಂಡತಿ ಗಣಪಿ ಇಬ್ಬರೇ. ಗಣಪಿ ಹೊಳೆಯ ನೀರು ಹಿಂದೆ ಸರಿಯುವ ಇಳಿತದ ಹೊತ್ತಿಗೆ ಮರಳಿನಲ್ಲಿ ಬಳಚು ಎಂಬ ಚಿಪ್ಪುಮೀನು ಹೆಕ್ಕಿ ಮಾರಿ ಗಂಜಿಗೆ ದಾರಿ ಮಾಡುತ್ತಿದ್ದಳು.

ಆಗ ಅವನನ್ನು ಕರೆಸಿದವರು ಹೊನ್ನಾವರದ ಶಾಂತಾರಾಮ ವಕೀಲರು. ಬಂದರಿನ ರಸ್ತೆಯ ಒಂದು ಹಂಚಿನ ಮನೆಯಲ್ಲಿ ಫ್ರೀಮೇಸನ್ನರು ಎಂಬ ವಿಲಾಯಿತಿ ಗುಟ್ಟಿನ ಸಂಘದವರ ಲಾಡ್ಜ್ ಇತ್ತು. ಹುಣ್ಣಿಮೆಗೆ ಹತ್ತಿರದ ಶನಿವಾರ ಸಂಜೆ, ತಿಂಗಳಿಗೊಂದು ಸಲ, ಹದಿನಾಲ್ಕು ಜನ ಅಲ್ಲಿ ಸೇರಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಕುಮಟೆಯ ಹತ್ತಿ ವ್ಯಾಪಾರದ ಪಾರ್ಸಿ ಶೇಟ್‌ಜಿ ಅವರ ಹಿರಿಯ. ಭಟ್ಕಳದ ನವಾಯತ ಮುಸ್ಲಿಂ ಬಟ್ಟೆ ವ್ಯಾಪಾರಿ ದಾಮುದಿ ಸಾಹೇಬರು, ನಮ್ಮ ವಕೀಲರು, ಜಂಗಲ್ ಖಾತೆಯ ಅಧಿಕಾರಿಗಳು, ಹೀಗೆ ಎಲ್ಲ ದೊಡ್ಡವರೇ. ಊರಿನವರು ಆ ಮನೆಗೆ ‘ತಲೆಬುರುಡೆ ಬಂಗಲೆ’ ಎಂದು ಹೆಸರಿಟ್ಟಿದ್ದರು. ಒಳಗೆ ಬುರುಡೆ ಇಟ್ಟು ಪೂಜೆ ಮಾಡುತ್ತಾರಂತೆ, ಸೇರಿದವನು ಚೊಚ್ಚಲ ಮಗನನ್ನು ಬರೆದುಕೊಡಬೇಕಂತೆ. ಕಣ್ಣಾರೆ ಕಂಡವರು ಒಬ್ಬರೂ ಇರಲಿಲ್ಲ, ಹಾಗಾಗಿ ಹೇಳುವುದಕ್ಕೆ ಯಾರಿಗೂ ಅಡ್ಡಿಯಿರಲಿಲ್ಲ. ಬಾಗಿಲ ಹೊರಗೆ ಕತ್ತಿ ಹಿಡಿದು ಕೂರುತ್ತಿದ್ದ ಪಿಂಚಣಿ ಹವಾಲ್ದಾರ ತೀರಿಕೊಂಡಿದ್ದ. ಆ ಜಾಗಕ್ಕೆ ಬರಲು ಯಾರೂ ಒಪ್ಪಿರಲಿಲ್ಲ.

ಮಾಸ್ತಿ ಒಪ್ಪಿದ. ಆದರೆ ಹೊರಗೆ ಕೂತು ಕಾಯುವವನೂ ದೀಕ್ಷೆ ತೆಗೆದುಕೊಳ್ಳಲೇಬೇಕು ಎಂಬುದು ಆ ಮನೆಯ ಕಟ್ಟಳೆ. ಕಣ್ಣಿಗೆ ಬಟ್ಟೆ ಕಟ್ಟಿದರು. ಮೈಮೇಲೆ ಲೋಹ ಇರಬಾರದೆಂದು ಸೊಂಟದ ಬೆಳ್ಳಿಯ ಉಡಿದಾರ ಬಿಚ್ಚಿಸಿದರು. ಕುತ್ತಿಗೆಗೆ ಹಗ್ಗ ಹಾಕಿದರು, ಬರಿ ಎದೆಗೆ ಏನೋ ಚೂಪಾದದ್ದನ್ನು ಮುಟ್ಟಿಸಿದರು. ಮಾಸ್ತಿ ಒಂದಕ್ಕೂ ಅಳುಕಲಿಲ್ಲ. ಕೊನೆಗೆ ಆಣೆ. ಉಳಿದವರೆಲ್ಲ ಅದನ್ನು ಇಂಗ್ಲಿಷಿನಲ್ಲಿ ಒಪ್ಪಿಸಿದ್ದರು. ಮಾಸ್ತಿಗಾಗಿ ಶಾಂತಾರಾಮ ವಕೀಲರು ಒಂದೊಂದೇ ಸಾಲನ್ನು ಕನ್ನಡದಲ್ಲಿ ಹೇಳಿದರು. ಈ ಮನೆಯ ಗುಟ್ಟನ್ನು ಹೊರಗೆ ಬಿಟ್ಟರೆ ನನ್ನ ಗಂಟಲು ಕೊಯ್ಯಲಿ, ನಾಲಿಗೆ ಕೀಳಲಿ, ದಿನಕ್ಕೆ ಎರಡು ಸಲ ಭರತ ಇಳಿತ ಆಗುವ ಕಡೆ, ಇಳಿತದ ಗೆರೆಯ ಮರಳಿನಲ್ಲಿ ನನ್ನನ್ನು ಹೂಳಲಿ.

ಇಂಗ್ಲಿಷಿನಲ್ಲಿ ಕಲಿತವರಿಗೆ ಅದೊಂದು ಹಳೆಯ ಕಾಲದ ಮಂತ್ರ, ಅಷ್ಟೆ. ಮಾಸ್ತಿಗೆ ಆ ಜಾಗ ಗೊತ್ತಿತ್ತು. ಅವನ ಮನೆಯ ಎದುರಿಗೇ, ತೆಂಗಿನ ಸಾಲು ದಾಟಿ ಮುನ್ನೂರು ಹೆಜ್ಜೆ ನಡೆದರೆ, ಗಣಪಿ ದಿನವೂ ಬಳಚು ಹೆಕ್ಕುವ ಜಾಗ ಅದು. ಅಲ್ಲಿ ಹೂತರೆ ಎಷ್ಟು ಆಳ ತೋಡಬೇಕು, ಎಷ್ಟು ಹೊತ್ತಿಗೆ ನೀರು ಮೇಲೆ ಬರುತ್ತದೆ ಎಂಬ ಲೆಕ್ಕವನ್ನೂ ಅವನು ಹೇಳಬಲ್ಲವನಾಗಿದ್ದ. ಆದರೂ ಗಟ್ಟಿ ದನಿಯಲ್ಲಿ ಒಪ್ಪಿಸಿದ. ಗುಟ್ಟು ಬಿಟ್ಟರೆ ತಾನೇ ಅದೆಲ್ಲ, ಬಿಡುವವರು ಯಾರು ಎಂಬ ಧೈರ್ಯ ಅವನದು.

ಕಣ್ಣಿನ ಬಟ್ಟೆ ಬಿಚ್ಚಿದ ಮೇಲೆ ಪಾರ್ಸಿ ಶೇಟ್‌ಜಿ ಅವನ ಕೈ ಹಿಡಿದು ‘ಬ್ರದರ್ ಮಾಸ್ತಿ’ ಎಂದರು. ವಕೀಲರು ‘ಇವತ್ತಿಂದ ನೀನು ನಮಗೆಲ್ಲ ತಮ್ಮ’ ಎಂದು ಅದರ ಅರ್ಥ ಬಿಡಿಸಿ ಹೇಳಿದರು. ಆ ಮೇಲೆ ಒಂದೇ ಮೇಜಿನಲ್ಲಿ ಊಟ. ಸಾರಸ್ವತ ಬ್ರಾಹ್ಮಣ ವಕೀಲರು, ನವಾಯತ ಸಾಹೇಬರು, ಪಾರ್ಸಿ ಶೇಟ್‌ಜಿ, ಕಾಸರಕೋಡಿನ ಮಾಸ್ತಿ, ಎಲ್ಲರೂ ಸಾಲಾಗಿ ಕೂತು ಉಂಡರು. ಊಟದ ಕೊನೆಗೆ ಬಾಗಿಲು ಕಾಯುವವನೇ ಎದ್ದು ನಿಂತು, ಲೋಕದಲ್ಲಿ ಎಲ್ಲೆಲ್ಲೋ ಕಷ್ಟದಲ್ಲಿರುವ ಅಣ್ಣತಮ್ಮಂದಿರು ಸುಖವಾಗಿ ಮನೆ ಸೇರಲಿ ಎಂದು ಹಾರೈಸಬೇಕು. ಉಳಿದವರೆಲ್ಲ ಎದ್ದು ನಿಂತು ಲೋಟ ಎತ್ತಬೇಕು. ಅದೂ ಕಟ್ಟಳೆಯೇ. ಮೊದಲನೆಯ ಸಲ ಹೇಳುವಾಗ ಮಾಸ್ತಿ ನಡುವೆ ಎರಡು ಸಲ ತಡೆದ. ಸುಳ್ಳೇಕೆ, ಅವನಿಗೆ ಅಳು ಬಂದಿತ್ತು.

ಮರುದಿನ ಕೋರ್ಟಿನ ದಾರಿಯಲ್ಲಿ ವಕೀಲರು ಎದುರಾದರು. ಮಾಸ್ತಿ ಬದಿಗೆ ಸರಿದು ನಿಂತ. ವಕೀಲರು ಬೇರೆ ಕಡೆ ನೋಡುತ್ತ ಹೋದರು. ಆ ಮೇಜಿನ ಊಟದ ಸುದ್ದಿ ಅವರ ಮಂದಿಯ ಕಿವಿಗೆ ಬಿದ್ದರೆ ಮಠದವರೆಗೂ ದೂರು ಹೋಗಿ, ಮನೆಯವರಿಗೆ ಬಾವಿಯ ನೀರೂ ಸಿಗದ ಹಾಗೆ ಆಗುತ್ತಿತ್ತು. ಮಾಸ್ತಿಗೆ ಇದು ಗೊತ್ತಿತ್ತು. ಅವನು ಬೇಸರ ಮಾಡಿಕೊಳ್ಳಲಿಲ್ಲ.

ಹೀಗೆ ಮೂರು ವರ್ಷ ನಡೆಯಿತು. ನಲವತ್ತಮೂರನೆಯ ಇಸವಿಯ ಮಳೆ ಮುಗಿಯುತ್ತಲೇ ಕಾಸರಕೋಡಿನಲ್ಲಿ ಚಳಿಜ್ವರ ಹಬ್ಬಿತು. ಯುದ್ಧದ ದೆಸೆಯಿಂದ ಕ್ವಿನೈನು ಎಲ್ಲಿಯೂ ಸಿಗುತ್ತಿರಲಿಲ್ಲ. ಮಾಸ್ತಿ ಮಲಗಿದ. ಎರಡು ದಿನ ಮೈಮೇಲೆ ಎಚ್ಚರವಿರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಗಂಜಿ ಕುಡಿಸುತ್ತ ಗಣಪಿ ಕೇಳಿದಳು.

“ನೀವು ಎರಡು ದಿನಾನೂ ಒಂದೇ ಹೆಸರು ಹೇಳ್ತಾ ಇದ್ರಿ. ಆರದು?”

“ಎಂತ ಹೆಸರು?”

ಗಣಪಿ ಹೇಳಿದಳು. ಒಂದಕ್ಷರವೂ ತಪ್ಪಿರಲಿಲ್ಲ. ಅದು ದೀಕ್ಷೆಯ ದಿನ ಅವನಿಗೆ ಹೇಳಿಕೊಟ್ಟ ಲಾಡ್ಜಿನ ಗುಟ್ಟಿನ ಶಬ್ದ. ಕೈ ಹಿಡಿದು, ಕಿವಿಯಲ್ಲಿ, ಅದೂ ಒಂದೊಂದೇ ಅಕ್ಷರ ಬಿಡಿಸಿ ಮಾತ್ರ ಹೇಳಬೇಕಾದದ್ದು. ಯಾವ ಶಬ್ದ ಎಂದು ಇಲ್ಲಿ ಬರೆಯುವುದು ಬೇಡ, ಮಾಸ್ತಿ ಪಟ್ಟ ಪಾಡೇ ಸಾಕು. ಅವನು ಗಂಜಿಯ ಬಟ್ಟಲನ್ನು ತಳ್ಳಿ ಗಣಪಿಯ ಬಾಯಿ ಮುಚ್ಚಿದ. ಅವನ ಕೈ ಬೆಂಕಿಯ ಹಾಗೆ ಸುಡುತ್ತಿತ್ತು.

“ಇದನ್ನ ಆರಿಗಾದ್ರೂ ಹೇಳಿದ್ಯಾ?”

ಗಣಪಿ ಕಣ್ಣು ಅಗಲಿಸಿದಳು. ಹೇಳದೆ ಇರುತ್ತಾಳೆಯೇ? ನೆರೆಮನೆಯ ಸುಕ್ರಿಯ ಹತ್ತಿರ ಹೇಳಿದ್ದಳು. ಸುಕ್ರಿ, ಇದು ಯಾವುದೋ ಪರದೇಶದ ದೆವ್ವದ ಹೆಸರು, ಬುರುಡೆ ಬಂಗಲೆಯಿಂದ ಮೈಗೆ ಹತ್ತಿಕೊಂಡು ಬಂದದ್ದು ಎಂದು ತೀರ್ಮಾನ ಮಾಡಿ ಬಾವಿಕಟ್ಟೆಯಲ್ಲಿ ಸಾರಿದ್ದಳು. ಮೂರು ದಿನದಲ್ಲಿ ಆ ಶಬ್ದ ಇಡೀ ಕೇರಿಯಲ್ಲಿ ಓಡಾಡುತ್ತಿತ್ತು. ತೊಟ್ಟಿಲ ಮಗುವನ್ನು ಆ ಹೆಸರು ಹೇಳಿ ಹೆದರಿಸುತ್ತಿದ್ದರು. ನೂರಾರು ವರ್ಷ ಎಷ್ಟೋ ಜನ ಪ್ರಾಣದಂತೆ ಕಾಪಾಡಿಕೊಂಡು ಬಂದದ್ದನ್ನು ಕಾಸರಕೋಡಿನ ಕೋಳಿಗಳೂ ಕೇಳಿಸಿಕೊಂಡಿದ್ದವು.

ಅಂದಿನಿಂದ ಮಾಸ್ತಿಗೆ ಹೆದರಿಕೆ ಹಿಡಿಯಿತು. ಜ್ವರ ದಿನ ಬಿಟ್ಟು ದಿನ ಬರುತ್ತಿತ್ತು, ಹೆದರಿಕೆಗೆ ಬಿಡುವಿರಲಿಲ್ಲ. ಜ್ವರ ಏರುವ ಸೂಚನೆ ಸಿಕ್ಕಿದರೆ ಅವನು ಪಂಚೆಯ ತುಂಡಿನಿಂದ ತನ್ನ ಬಾಯನ್ನು ತಾನೇ ಬಿಗಿದು ಕಟ್ಟಿಕೊಂಡು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದ. ತನ್ನ ಗಂಟಲು ಉಳಿಯುವ ಆಸೆಯನ್ನು ಎರಡೇ ದಿನದಲ್ಲಿ ಬಿಟ್ಟಿದ್ದ. ಬಾಯಾರೆ ಒಪ್ಪಿಕೊಂಡದ್ದು ಅದು. ಅವನನ್ನು ಕೊರೆಯುತ್ತಿದ್ದದ್ದು ಬೇರೆ. ಗುಟ್ಟು ಈಗ ಗಣಪಿಯ ಬಾಯಲ್ಲಿಯೂ ಇತ್ತು. ದೀಕ್ಷೆ ಇಲ್ಲದೆ ಆ ಶಬ್ದ ತಿಳಿದವಳನ್ನು ಅವರು ಸುಮ್ಮನೆ ಬಿಡುತ್ತಾರೆಯೇ? ಆಣೆಯಲ್ಲಿ ಹೆಂಡತಿಯ ಮಾತು ಇತ್ತೋ ಇಲ್ಲವೋ ಎಂದು ಎಷ್ಟು ತಲೆ ಕೆರೆದುಕೊಂಡರೂ ನೆನಪಾಗಲಿಲ್ಲ.

“ಬಳಚಿಗೆ ಹೋಗಬೇಡ. ಮರಳಿನ ಬದಿಗೇ ಹೋಗಬೇಡ.”

“ಹಾಂಗಾರೆ ಉಂಬುದೆಂತ?”

“ಮಾವಳ್ಳಿಗೆ ಹೋಗು. ಮಗಳ ಮನೆಲಿ ನಾಕು ದಿನ ಇರು.”

“ಜ್ವರದ ಮನುಷ್ಯನ್ನ ಬಿಟ್ಟು ಹೋಗುದಾ? ಆ ದೆವ್ವವೇ ನಿಮ್ಮ ಬಾಯಲ್ಲಿ ಮಾತಾಡ್ಸುದು” ಎಂದು ಗಣಪಿ ಕಣ್ಣೊರೆಸಿಕೊಂಡಳು.

ಹುಣ್ಣಿಮೆಯ ಶನಿವಾರ ಬಂತು. ಬೆಳಿಗ್ಗೆಯೇ ಹೊಳೆ ದಾಟಿ ಲಾಡ್ಜಿನ ಮನೆ ಗುಡಿಸಬೇಕಾಗಿದ್ದ ಮಾಸ್ತಿ ಹೋಗಲಿಲ್ಲ. ಹುಣ್ಣಿಮೆಯ ದಿನ ಇಳಿತವೂ ದೊಡ್ಡದು. ಮಧ್ಯಾಹ್ನ ಕಳೆಯುತ್ತಲೇ ನೀರು ಹಿಂದೆ ಸರಿಯುತ್ತ ಹೋಗಿ, ಎಂದೂ ಕಾಣದ ಮರಳೆಲ್ಲ ಬಿಸಿಲಿಗೆ ಬಿತ್ತು. ಜಗಲಿಯಲ್ಲಿ ಕೂತ ಮಾಸ್ತಿಗೆ ಆ ಮರಳಿನ ಮೇಲೆ ಇಬ್ಬರು ನಡೆದು ಬರುವುದು ಕಾಣಿಸಿತು. ಮುಂದೆ ಕರಿ ಕೋಟಿನ ಶಾಂತಾರಾಮ ವಕೀಲರು. ಹಿಂದೆ ದಾಮುದಿ ಸಾಹೇಬರು, ಬಗಲಲ್ಲಿ ಕಂಬಳಿ ಸುತ್ತಿದ ಒಂದು ಉದ್ದನೆಯ ಕಟ್ಟು. ಲಾಡ್ಜಿನ ಕತ್ತಿ ಅಷ್ಟೇ ಉದ್ದ. ಮೂರು ವರ್ಷ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತವನಿಗೆ ಅಳತೆ ತಪ್ಪುವುದುಂಟೇ!

ವಕೀಲರು ಅಂಗಳದಲ್ಲಿಯೇ ನಿಂತರು. ಮುಖ ಬಿಗಿಯಾಗಿತ್ತು.

“ಮಾಸ್ತಿ, ನಿನ್ನ ದೆವ್ವದ ಹೆಸರು ದೋಣಿಯಲ್ಲಿ ಕೇಳಿದೆ.”

ಮಾಸ್ತಿ ಜಗಲಿಯ ಕಂಬ ಹಿಡಿದುಕೊಂಡ.

“ಏಳು, ನಮ್ಮ ಜೊತೆ ಬಾ. ದೋಣಿ ಈಚೆ ಬರುವುದಿಲ್ಲ, ಇಳಿತದ ಗೆರೆವರೆಗೂ ನಡೆಯಬೇಕು. ನಡೆಯಲಿಕ್ಕೆ ಆಗ್ತದಲ್ಲ?”

“ಆಗ್ತದೆ ಒಡೆಯಾ.”

“ಎಲ್ಲಿಗೆ ಕರ್ಕೊಂಡು ಹೋಗುದು?” ಎಂದು ಗಣಪಿ ಬಾಗಿಲಿಗೆ ಬಂದಳು. ಅವಳು ಇನ್ನೊಂದು ಮಾತಾಡಿ, ಆ ಶಬ್ದವೇ ಬಾಯಿಂದ ಬಿದ್ದರೆ ಎಂದು ಮಾಸ್ತಿ ಅವಳಿಗೆ ಅಡ್ಡ ನಿಂತ. ‘ಒಳಗೆ ಹೋಗು’ ಎಂದು ಗದರಿದ. ಇಪ್ಪತ್ತು ವರ್ಷದಲ್ಲಿ ಅವಳನ್ನು ಹಾಗೆ ಗದರಿದ್ದು ಅದೇ ಮೊದಲು. ಆಮೇಲೆ ಸೊಂಟದ ಉಡಿದಾರ ಬಿಚ್ಚಿ ಅವಳ ಕೈಗೆ ಹಾಕಿದ. ಜ್ವರದ ಮೈಗೆ ಬಿಗಿಯಾಗುತ್ತದೇನೋ ಎಂದುಕೊಂಡು ಅವಳು ಸೆರಗಿಗೆ ಗಂಟು ಹಾಕಿದಳು.

ಮುನ್ನೂರು ಹೆಜ್ಜೆ. ಅವನಿಗೆ ಲೆಕ್ಕ ಗೊತ್ತಿತ್ತು. ಹಸಿ ಮರಳು ಕಾಲನ್ನು ಹಿಡಿಯುತ್ತಿತ್ತು. ಸಾಹೇಬರು ಒಂದು ಕಡೆ, ವಕೀಲರು ಒಂದು ಕಡೆ, ನಡುವೆ ಅವನು. ಓಡಬಹುದಿತ್ತೇ? ಓಡಿದರೆ ಅವರು ಹಿಂದಿರುಗಿ ಮನೆಗೆ ಹೋಗುತ್ತಾರೆ, ಮನೆಯಲ್ಲಿ ಗಣಪಿ ಒಬ್ಬಳೇ. ಇನ್ನೂರು ಹೆಜ್ಜೆ ಆಯಿತು. ಹಲ್ಲು ಕಟಕಟಿಸುತ್ತಿದ್ದದ್ದು ಜ್ವರಕ್ಕೋ ಹೆದರಿಕೆಗೋ ಅವನಿಗೇ ತಿಳಿಯಲಿಲ್ಲ. ಇನ್ನೂರೈವತ್ತು. ಎದುರಿಗೆ ನೀರಿನ ಅಂಚಿನಿಂದ ಆಚೆ ದೋಣಿ ನಿಂತಿತ್ತು, ಅದರಲ್ಲಿ ಹೊನ್ನಾವರದ ಕಡೆ ಹೊರಟ ಹತ್ತು ಹನ್ನೆರಡು ಜನ. ಇಷ್ಟು ಜನರ ಎದುರಿಗೇ ಮಾಡುತ್ತಾರಲ್ಲ ಎಂದು ಅವನಿಗೆ ನಾಚಿಕೆಯೂ ಆಯಿತು.

“ಇಲ್ಲೇ ನಿಲ್ಲು” ಎಂದರು ವಕೀಲರು.

ಮಾಸ್ತಿ ಮೊಣಕಾಲೂರಿದ. ಅಂಗಿಯ ಗುಂಡಿ ಬಿಚ್ಚಿ, ಕುತ್ತಿಗೆ ಮುಂದೆ ಚಾಚಿ, ಕಣ್ಣು ಮುಚ್ಚಿದ.

“ಒಡೆಯಾ, ತಪ್ಪು ನಂದು. ಜ್ವರದಲ್ಲಿ ಬಾಯಿಂದ ಹೋತು. ಗಣಪಿಗೆ ಅದೆಂತ ಅಂತ್ಲೇ ಗೊತ್ತಿಲ್ಲ, ದೆವ್ವ ಅಂದ್ಕೊಂಡಿದ್ದು. ಅವಳನ್ನ ಬಿಟ್ಬಿಡಿ. ನಿಮ್ಮ ಕಾಲಿಗೆ ಬೀಳ್ತೆ, ಅವಳನ್ನೊಂದು ಬಿಟ್ಬಿಡಿ.”

ದಾಮುದಿ ಸಾಹೇಬರಿಗೆ ಮೊದಲು ಅರ್ಥವಾಯಿತು.

“ಯಾ ಅಲ್ಲಾ! ವಕೀಲ್ ಸಾಬ್, ಇವನು ಆ ಕಸಮ್, ಆ ಆಣೆ ಹಿಡ್ಕೊಂಡು ಕೂತಿದ್ದಾನೆ.”

ಅವರು ಕಟ್ಟು ಬಿಚ್ಚಿದರು. ಒಳಗೆ ಒಂದು ಕೊಡೆ, ಹೇಗೋ ಮುಂಬಯಿಯಿಂದ ತರಿಸಿದ ಕ್ವಿನೈನಿನ ಬಾಟಲಿ. ಕಂಬಳಿಯನ್ನು ಮಾಸ್ತಿಯ ಹೆಗಲಿಗೆ ಹೊದೆಸಿದರು. ಜ್ವರದ ಸುದ್ದಿ ಕೇಳಿ ಅವನನ್ನು ಹೊನ್ನಾವರದ ಡಾಕ್ಟರರಲ್ಲಿಗೆ ಒಯ್ಯಲು ಬಂದಿದ್ದರು, ಅಷ್ಟೇ. ದಾರಿಯುದ್ದಕ್ಕೂ ವಕೀಲರು ಮುಖ ಬಿಗಿ ಹಿಡಿದದ್ದು ಆ ದೆವ್ವದ ಹೆಸರಿಗೆ ಬಂದ ನಗು ತಡೆಯಲು. ಈಗ ಆ ನಗು ಹೊರಗೆ ಬಿತ್ತು.

“ಅಯ್ಯೋ ಮಾರಾಯಾ! ಅದು ಹಳೇ ಕಾಲದ ಬರೀ ಮಾತು. ಯಾರೂ ಯಾರ ಗಂಟಲನ್ನೂ ಕೊಯ್ಯುವುದಿಲ್ಲ. ನಾವೆಲ್ಲ ಬಾಯಿಪಾಠ ಮಾಡಿ ಒಪ್ಪಿಸಿದ್ದು, ಅಷ್ಟೆ.”

ಮಾಸ್ತಿ ಕಣ್ಣು ತೆರೆದ. ಪ್ರಾಣ ಉಳಿಯಿತು, ಗಣಪಿ ಉಳಿದಳು, ಆದರೂ ಎದೆ ಹಗುರಾಗಲಿಲ್ಲ. ಮೊಣಕಾಲ ಮೇಲೆ ಕೂತಲ್ಲಿಂದಲೇ ವಕೀಲರ ಮುಖ ನೋಡಿದ.

“ಹಾಂಗಾರೆ ಒಡೆಯಾ, ನಂಗೆ ತಮ್ಮ ಅಂದದ್ದೂ ಬಾಯಿಪಾಠವೇಯಾ?”

ವಕೀಲರ ನಗು ನಿಂತಿತು. ಅವರು ದೋಣಿಯ ಕಡೆ ನೋಡಿದರು. ಅಲ್ಲಿ ಅವರ ಕೇರಿಯವರಿದ್ದರು, ಕೋರ್ಟಿನ ಗುಮಾಸ್ತನಿದ್ದ, ಎಲ್ಲರೂ ಇತ್ತಲೇ ನೋಡುತ್ತಿದ್ದರು. ವಕೀಲರ ಮುಖದ ಬಣ್ಣ ಹೋಯಿತು. ಹದಿನೈದು ದಿನ ಹೆದರಿಕೆಯನ್ನೇ ಹಾಸಿ ಹೊದ್ದ ಮಾಸ್ತಿಗೆ ಅದು ಏನೆಂದು ಯಾರೂ ಹೇಳಬೇಕಾಗಿರಲಿಲ್ಲ. ಅವನಿಗೆ ಅವರ ಮೇಲೆ ಮರುಕ ಬಂತು. “ಬೇಡ ಒಡೆಯಾ, ನಾ ಹೇಳಿದ್ದು ತಪ್ಪಾತು” ಎಂದು ಏಳಲು ಹೋದ. ಕಾಲು ಏಳಲಿಲ್ಲ.

ವಕೀಲರು ಕೋಟು ಕಳಚಿ ಸಾಹೇಬರ ಕೈಗೆ ಕೊಟ್ಟರು. ಕಚ್ಚೆ ಮೇಲಕ್ಕೆ ಕಟ್ಟಿ, ಮಾಸ್ತಿಗೆ ಬೆನ್ನು ಮಾಡಿ, ಮರಳಿನಲ್ಲಿ ಕುಕ್ಕರಗಾಲಲ್ಲಿ ಕೂತರು.

“ಕುತ್ತಿಗೆ ಹಿಡ್ಕೊ” ಎಂದರು.

ಮಾಸ್ತಿ ಹೆದರುತ್ತ ಹೆದರುತ್ತ ಹಿಡಿದ. ಆ ಕುತ್ತಿಗೆ ಬೆವರಿನಿಂದ ತೊಯ್ದಿತ್ತು. ವಕೀಲರು ತಡವರಿಸಿ ಎದ್ದು ನೀರಿಗೆ ಇಳಿದರು. ದೋಣಿಯಲ್ಲಿದ್ದವರೆಲ್ಲ ಎದ್ದು ನಿಂತು ನೋಡುತ್ತಿದ್ದರು. ನೀರು ಮೊಣಕಾಲಿಗೆ ಬಂತು, ತೊಡೆಗೆ ಬಂತು. ವಕೀಲರ ಮೈಯೆಲ್ಲ ನಡುಗುತ್ತಿದ್ದದ್ದು ಮಾಸ್ತಿಗೆ ತಿಳಿಯುತ್ತಿತ್ತು. ಆದರೂ ಅವರು ಅವನನ್ನು ಇಳಿಸಲಿಲ್ಲ.