ಕೊನೆಯ ಡಬ್ಬಿಯ ಬೋರ್ಡು

ಗೂಡ್ಸ್ ರೈಲಿನ ಗಾರ್ಡಾಗಿ ಮೂವತ್ತನಾಲ್ಕು ವರ್ಷ ಕೊನೆಯ ಡಬ್ಬಿಯಲ್ಲೇ ಕಳೆದ ನಂಜುಂಡ, ನಿವೃತ್ತನಾದ ಮೇಲೂ ಯಾರ ಮುಂದೆಯೂ ಹೋದವನಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ನೌಕರಿಯ ಗುಣವೂ ಅಷ್ಟೇ. ಮದುವೆಮನೆಯಲ್ಲಿ ಕೊನೆಯ ಪಂಕ್ತಿಗೇ ಕೂರುತ್ತಿದ್ದ. ದೇವಸ್ಥಾನದ ಸಾಲಿನಲ್ಲಿ ಹಿಂದೆ ಬಂದವರಿಗೆಲ್ಲ ಜಾಗ ಬಿಟ್ಟು ಹೆಂಡತಿ ಸುಮತಿಯಿಂದ ಬೈಸಿಕೊಳ್ಳುತ್ತಿದ್ದ. ಚೆನ್ನೈಯ ಅಣ್ಣಾ ನಗರದ ಮೂವರು ಕನ್ನಡದ ಗೆಳೆಯರು ಭಾನುವಾರ ಬೆಳಗ್ಗೆ ಬೆಸೆಂಟ್ ನಗರದ ಕಡಲತನಕ ಸೈಕಲ್ ತುಳಿಯುವಾಗಲೂ ಅದೇ ವರಸೆ: ಮುಂದೆ ಬ್ಯಾಂಕಿನ ಗಂಗಾಧರ, ನಡುವೆ ವಿಮಾ ಕಚೇರಿಯ ಶ್ರೀನಾಥ್, ಹಿಂದೆ ನಂಜುಂಡ.

ಹೋದ ವರ್ಷ ಫೆಬ್ರವರಿಯಲ್ಲಿ ಮೂವರೂ ತಿರುಪೋರೂರಿನ ಆಚೆ ನಡೆಯುವ ಕಾಡುದಾರಿಯ ಸೈಕಲ್ ಸವಾರಿಗೆ ಹೆಸರು ಕೊಟ್ಟರು. ಕೆರೆಯ ಏರಿ, ಕೆಮ್ಮಣ್ಣು, ಜಾಲಿಮುಳ್ಳು, ತಾಳೆತೋಪು ಎಲ್ಲ ಸೇರಿ ನಲವತ್ತು ಕಿಲೋಮೀಟರು. ನೂರಿಪ್ಪತ್ತು ಜನ. ಅಂಥ ಸವಾರಿಯಲ್ಲಿ ಎಲ್ಲರ ಹಿಂದೆ ಒಬ್ಬ ಬರಬೇಕು; ಅವನು ದಾಟಿದ ಮೇಲೆ ದಾರಿಯಲ್ಲಿ ಯಾರೂ ಉಳಿದಿಲ್ಲವೆಂದು ಅರ್ಥ. ಯಾರು ಬರುತ್ತೀರಿ ಎಂದು ಕೇಳಿದ್ದೇ ತಡ, ನಂಜುಂಡ ಕೈ ಎತ್ತಿದ. ರೈಲಿನ ಕೊನೆಯ ಡಬ್ಬಿಯ ಬೆನ್ನಿಗೆ ಹಾಕುವ ಹಳದಿ ಬೋರ್ಡಿನಂಥದ್ದನ್ನೇ ತಗಡಿನಲ್ಲಿ ಮಾಡಿಸಿ ಸೀಟಿನ ಹಿಂದೆ ಕಟ್ಟಿಕೊಂಡ. ಆ ಬೋರ್ಡು ಕಂಡರೆ ಸ್ಟೇಷನ್ ಮಾಸ್ತರಿಗೆ ಗಾಡಿ ಪೂರ್ತಿ ಬಂತೆಂದು ಖಾತ್ರಿ.

"ಲೋ ಗಾರ್ಡೇ, ಹಸಿರು ಬಾವುಟ ಎಲ್ಲೋ?" ಎಂದು ಶ್ರೀನಾಥ್ ರೇಗಿಸಿದ್ದ. ಅದೇ ಅವನ ಕೊನೆಯ ತಮಾಷೆ.

ನಂಜುಂಡನ ಮುಂದೆ ಕೆಂಪು ಹೆಲ್ಮೆಟ್ಟಿನ ಹೆಂಗಸೊಬ್ಬಳು ಏದುಸಿರು ಬಿಡುತ್ತ ತುಳಿಯುತ್ತಿದ್ದಳು. ಅವಳೇ ಕೊನೆಯವಳು ಎಂದು ಅವನು ಅವಳ ಮೇಲೆಯೇ ಕಣ್ಣಿಟ್ಟ. ಅಲ್ಲೇ ತಪ್ಪಿದ್ದು. ರೈಲಿನಲ್ಲಿ ಕೊನೆಯ ಡಬ್ಬಿ ಬಂತೆಂದರೆ ನಡುವಿನದೆಲ್ಲ ಬಂದಂತೆಯೇ. ಸೈಕಲ್ಲುಗಳಿಗೆ ಕೊಂಡಿ ಎಲ್ಲಿದೆ? ನಡುವೆ ಹೋಗುತ್ತಿದ್ದ ಶ್ರೀನಾಥ್ ಎದೆ ಹಿಡಿದುಕೊಂಡು ತಾಳೆತೋಪಿನ ಒಳಗೆ ಇಳಿದಿದ್ದ. ಕೆಂಪು ಹೆಲ್ಮೆಟ್ಟು ಆ ತೋಪನ್ನು ದಾಟಿತು. ಹಳದಿ ಬೋರ್ಡೂ ದಾಟಿತು.

ಸವಾರಿ ಮುಗಿಯುವ ಜಾಗದಲ್ಲಿ ಗಂಗಾಧರ, "ಗಾಡಿ ಪೂರ್ತಿ ಬಂತೇನೋ?" ಎಂದು ಕೇಳಿದಾಗ ನಂಜುಂಡ "ಪೂರ್ತಿ" ಅಂದ. ಶ್ರೀನಾಥ್ ಎಲ್ಲೂ ಇಲ್ಲವೆಂದು ಗೊತ್ತಾದಾಗ ಮುಕ್ಕಾಲು ಗಂಟೆ ಕಳೆದಿತ್ತು. ಉಳಿದವರು ದಿಕ್ಕಿಗೊಬ್ಬರು ಹುಡುಕುತ್ತಿದ್ದರೆ, ನಂಜುಂಡ ಯಾರದೋ ಮೋಟರ್ ಸೈಕಲ್ ಹತ್ತಿ ನೆಟ್ಟಗೆ ಆ ತೋಪಿಗೇ ಹೋದ. ಅಷ್ಟರಲ್ಲಿ ಎಲ್ಲ ಮುಗಿದಿತ್ತು.

ಆಸ್ಪತ್ರೆಯಲ್ಲಿ ಶ್ರೀನಾಥನ ಹೆಂಡತಿ ಜಯಲಕ್ಷ್ಮೀ ನಂಜುಂಡನಿಗೆ ಕೈ ಮುಗಿದಳು. "ನೀವಿದ್ದಿದ್ದಕ್ಕೆ ಅಣ್ಣ, ಅಷ್ಟಾದ್ರೂ ಬೇಗ ಸಿಕ್ಕಿದ್ದು." ವರ್ಷವಿಡೀ ಬಂದವರಿಗೆಲ್ಲ ಅವಳು ಇದನ್ನೇ ಹೇಳಿದಳು. ಬಾಯಲ್ಲಿಟ್ಟ ಬಿಸಿತುಪ್ಪದ ಹಾಗೆ, ನಂಜುಂಡನಿಗೆ ಅದನ್ನು ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ಯಾಕೆಂದರೆ ಅವನು ನೆಟ್ಟಗೆ ಅಲ್ಲಿಗೇ ಹೋದದ್ದಕ್ಕೆ ಒಂದು ಕಾರಣವಿತ್ತು. ತೋಪು ದಾಟುವಾಗ ಪೊದೆಯ ಸಂದಿಯಲ್ಲಿ ಒಂದು ಚಕ್ರ ಕಂಡಿತ್ತು. ಕಂಡೂ ಇಳಿದು ನೋಡಿರಲಿಲ್ಲ. ಇದನ್ನು ಅವನು ಸುಮತಿಗೂ ಹೇಳಿರಲಿಲ್ಲ. ಸೈಕಲ್ಲಿಗೆ ಗೋಣಿ ಹೊದಿಸಿಟ್ಟಿದ್ದ.

ಈ ವರ್ಷ ಜನವರಿಯಲ್ಲಿ ಶ್ರೀನಾಥನ ಮಗಳು ಚಿನ್ಮಯಿ ಮನೆಗೆ ಬಂದಳು. ಚೆನ್ನೈಯಲ್ಲೇ ಹುಟ್ಟಿ ಬೆಳೆದವಳು, ಕನ್ನಡವನ್ನು ತಮಿಳಿನ ಜೊತೆ ಕಲಸಿ ಆಡುವವಳು.

"ಅಪ್ಪ ಅರ್ಧಕ್ಕೆ ಬಿಟ್ಟ ರೈಡು ನಾನು ಮುಗಿಸ್ಬೇಕು ಮಾಮ. ನೀವು ಹಿಂದೆ ಬರ್ತೀರಾ? ನೀವು ಬಂದ್ರೆ ಮಾತ್ರ ಅಮ್ಮ ಬಿಡ್ತಾರಂತೆ."

ಆಗಲೇ ಹೇಳಿಬಿಡಬೇಕೆಂದು ನಂಜುಂಡನಿಗೆ ಅನ್ನಿಸಿತು. ಹೇಳಲಿಲ್ಲ. ಗೋಣಿ ತೆಗೆದ.

ಸವಾರಿಯ ದಿನ ಅವನು ಒಂದೊಂದು ಪೊದೆಗೂ ನಿಂತ. ಇಳಿದು, ಇಣುಕಿ, "ಯಾರಾದ್ರೂ ಇದೀರಾ?" ಎಂದು ಕನ್ನಡದಲ್ಲೊಮ್ಮೆ, ತಮಿಳಿನಲ್ಲೊಮ್ಮೆ ಕೂಗಿದ. ಬೇಗ ಬನ್ನಿ ಎಂದು ಸವಾರಿ ನಡೆಸುವವರ ಫೋನು ಮೂರು ಸಲ ಬಂತು. ಅವನು ಕಿವಿಗೇ ಹಾಕಿಕೊಳ್ಳಲಿಲ್ಲ. ಚಿಂತೆ ಕೆಟ್ಟದ್ದು, ಆದರೆ ಆವತ್ತು ಅವನನ್ನು ಮುಂದಕ್ಕೆ ತಳ್ಳಿದ್ದೂ ಅದೇ.

ತಾಳೆತೋಪಿನ ಪೊದೆಯ ಸಂದಿಯಲ್ಲಿ ಮತ್ತೆ ಒಂದು ಚಕ್ರ ಕಂಡಿತು.

ನಂಜುಂಡ ಸೈಕಲ್ಲನ್ನು ಬಿದ್ದಲ್ಲೇ ಬಿಟ್ಟು ಓಡಿದ. ತಾಳೆಮರದ ಬುಡದಲ್ಲಿ ಚಿನ್ಮಯಿ ಕೂತಿದ್ದಳು. ಅವಳಿಗೆ ಏನೂ ಆಗಿರಲಿಲ್ಲ. ಅಪ್ಪ ಒರಗಿದ್ದ ಜಾಗವನ್ನು ಸುಮ್ಮನೆ ಕೈಯಿಂದ ಸವರುತ್ತಿದ್ದಳು.

"ಮಾಮ, ಒಂದು ಕೇಳ್ಲಾ? ಇಲ್ಲಿಂದ ದಾರಿ ಸರಿಯಾಗಿ ಕಾಣಿಸಲ್ಲ. ದಾರೀಲಿ ಹೋಗೋರ್ಗೆ ಅಪ್ಪ ಕಂಡಿರೋಕೆ ಚಾನ್ಸೇ ಇಲ್ಲ. ನಲವತ್ತು ಕಿಲೋಮೀಟರಲ್ಲಿ ನೀವು ನೇರ ಇಲ್ಲಿಗೇ ಹೇಗೆ ಬಂದ್ರಿ?"

ತೋಪಿನಲ್ಲಿ ಒಣಗಿದ ಗರಿಗಳು ಸದ್ದು ಮಾಡುತ್ತಿದ್ದವು. ನಂಜುಂಡ ಅವಳ ಎದುರು ನೆಲದ ಮೇಲೆ ಕುಕ್ಕರಿಸಿದ.

"ಚಕ್ರ ಕಂಡಿತ್ತು ಚಿನ್ನು. ಹೋಗ್ತಾನೇ ಕಂಡಿತ್ತು. ಮರ ಹತ್ತಿ ನೀರಾ ಇಳಿಸೋರ ಸೈಕಲ್ಲು ಅಂದ್ಕೊಂಡೆ. ಕೊನೆಯವಳು ನನ್ನ ಮುಂದಿದ್ದಳಲ್ಲ, ಗಾಡಿ ಪೂರ್ತಿ ಇದೆ ಅಂದ್ಕೊಂಡೆ. ಇಳಿದು ನೋಡ್ಲಿಲ್ಲ ಕಣಮ್ಮ."

ಸಿಟ್ಟು ಬಂದರೆ ಚಿನ್ಮಯಿಯ ಬಾಯಿಗೆ ಬರುವುದು ತಮಿಳು. "ಏನ್ ಮಾಮ ಸೊಲ್ಲಲೆ?" ಎಂದು ಚೀರಿದಳು. "ಒಂದು ವರ್ಷ! ಯಾಕೆ ಹೇಳ್ಲಿಲ್ಲ?"

"ನಿಮ್ಮಮ್ಮ ಕೈ ಮುಗಿದುಬಿಟ್ರು. ಆಮೇಲೆ ಬಾಯಿ ಬರ್ಲಿಲ್ಲ."

ಅವಳು ಮುಖ ತಿರುಗಿಸಿಕೊಂಡು ತುಂಬ ಹೊತ್ತು ಅತ್ತಳು. ಸಮಾಧಾನ ಹೇಳುವ ಯೋಗ್ಯತೆ ತನಗಿಲ್ಲವೆಂದು ನಂಜುಂಡನಿಗೆ ಗೊತ್ತಿತ್ತು, ಎದ್ದೂ ಹೋಗಲಿಲ್ಲ. ಆಮೇಲೆ ಅವಳು ದಾರಿಗೆ ನಡೆದು, ಬಿದ್ದಿದ್ದ ಅವನ ಸೈಕಲ್ಲನ್ನು ಎತ್ತಿ ನಿಲ್ಲಿಸಿದಳು. ಸೀಟಿನ ಹಿಂದಿನ ಹಳದಿ ಬೋರ್ಡನ್ನು ಬಿಚ್ಚಿ ತನ್ನ ಸೈಕಲ್ಲಿಗೆ ಕಟ್ಟಿಕೊಂಡಳು.

"ನೀವು ಮುಂದೆ ಹೋಗಿ. ಅಮ್ಮ ಅಲ್ಲಿ ಕಾಯ್ತಿದಾರೆ. ನಾನು ಹೇಳಲ್ಲ. ನೀವೇ ಹೇಳ್ಬೇಕು."

ಇನ್ನೂ ಹನ್ನೊಂದು ಕಿಲೋಮೀಟರು ಉಳಿದಿತ್ತು. ಅಷ್ಟು ವರ್ಷಗಳಲ್ಲಿ ಮೊದಲ ಸಲ ನಂಜುಂಡನ ಬೆನ್ನ ಹಿಂದೆ ಒಬ್ಬರು ಬರುತ್ತಿದ್ದರು. ಅವನು ನಿಧಾನವಾದಾಗ ಹಿಂದಿನ ಚಕ್ರವೂ ನಿಧಾನವಾಗುತ್ತಿತ್ತು. ಅವಳು ತನ್ನನ್ನು ಕಾಯುತ್ತಿದ್ದಾಳೋ, ತಪ್ಪಿಸಿಕೊಳ್ಳದಂತೆ ಕಾವಲಿದ್ದಾಳೋ ಅವನಿಗೆ ತಿಳಿಯಲಿಲ್ಲ.

ಮುಗಿಯುವ ಜಾಗದಲ್ಲಿ ಶಾಮಿಯಾನ ಬಿಚ್ಚುತ್ತಿದ್ದರು. ಗಂಗಾಧರನ ಪಕ್ಕದ ಕುರ್ಚಿಯಲ್ಲಿ ಜಯಲಕ್ಷ್ಮೀ ಕೂತಿದ್ದಳು. ಇಬ್ಬರನ್ನೂ ಕಂಡು ಎದ್ದಳು, ಲೋಟಕ್ಕೆ ನೀರು ಬಗ್ಗಿಸಿ ಅವನ ಕಡೆ ಚಾಚಿದಳು.

"ಬಂದ್ರಾ ಅಣ್ಣ. ನನ್ನ ಮಗಳನ್ನ ಜೋಪಾನವಾಗಿ ಕರ್ಕೊಂಡು ಬಂದ್ರಿ. ಮೊದ್ಲು ನೀರು ಕುಡೀರಿ."

ಗಂಟಲು ಒಣಗಿತ್ತು. ಆದರೂ ನಂಜುಂಡ ಲೋಟಕ್ಕೆ ಕೈ ಚಾಚಲಿಲ್ಲ.

"ಮೊದ್ಲು ನಾನು ಹೇಳೋದು ಕೇಳು ತಾಯಿ," ಎಂದ. "ಆಮೇಲೂ ಕೊಡ್ಬೇಕು ಅನ್ಸಿದ್ರೆ ಕೊಡು."