ಹೊಸ ರಸ್ತೆಯ ಮೇಲೆ ಹರವಿದ ಗೋವಿನಜೋಳ

ನಮ್ಮೂರಿಗೆ ಬಸ್ ಬರುತ್ತದೆ! ಬೆಳಿಗ್ಗೆ ಏಳೂವರೆಗೆ ಒಂದು ಸಲ, ಸಂಜೆ ಐದಕ್ಕೆ ಇನ್ನೊಂದು ಸಲ. ನನಗೆ ಎಲ್ಲಿಗೂ ಹೋಗುವ ಕೆಲಸವಿಲ್ಲದಿದ್ದರೂ ಏಳಕ್ಕೇ ಹೋಗಿ ಬೇವಿನಮರದ ಕಟ್ಟೆಯ ಮೇಲೆ ಕೂತಿರುತ್ತೇನೆ. ದೂರದಲ್ಲಿ ಹಾರ್ನ್ ಕೇಳಿದರೆ ಸಾಕು, ಎದೆಯೊಳಗೆ ಯಾರೋ ಹಲಗೆ ಬಾರಿಸಿದ ಹಾಗಾಗುತ್ತದೆ. ನನ್ನ ಮಗ ನಗುತ್ತಾನೆ. "ಯವ್ವಾ, ಬಸ್ ಏನ್ ನಿನ್ನ ತವರುಮನಿಯಿಂದ ಬರತೈತೇನು, ದಿನಾ ಕರ್ಕೊಂಬರಾಕ ಹೊಕ್ಕಿ?" ಎನ್ನುತ್ತಾನೆ. ನಗಲಿ.

ಈ ಬಸ್ ಬಂದದ್ದು ನನ್ನ ಹಟದಿಂದ ಎಂದು ಊರಿನವರು ಹೇಳುತ್ತಾರೆ. ಅದು ನಿಜ. ಅದೇ ಬಸ್ ಇನ್ನೇನು ತಪ್ಪಿಯೇ ಹೋಗುತ್ತಿದ್ದದ್ದೂ ನನ್ನಿಂದಲೇ. ಅದೂ ನಿಜ. ಎರಡನ್ನೂ ಬರೆಯುತ್ತೇನೆ. ನಾನು ಕಲಿತದ್ದು ಮೂರನೆಯ ಇಯತ್ತೆ. ಒತ್ತಕ್ಷರ ತಪ್ಪಿದ ಕಡೆ ಮೊಮ್ಮಗಳು ತಿದ್ದಿದ್ದಾಳೆ, ಮಾತು ಮಾತ್ರ ನನ್ನದೇ.

ರಾಣೆಬೆನ್ನೂರಿನಿಂದ ಐರಣಿ ಕಡೆಗೆ ಹೋಗುವ ದೊಡ್ಡ ರಸ್ತೆಯಿಂದ ಒಡೆದು ಮೂರು ಕಿಲೋಮೀಟರ್ ಒಳಗೆ ನಮ್ಮೂರು. ಆ ಮೂರು ಕಿಲೋಮೀಟರನ್ನು ರಸ್ತೆ ಎನ್ನುವುದಕ್ಕಿಂತ ಗುಂಡಿಗಳ ಸಂತೆ ಎನ್ನಬಹುದಿತ್ತು. ಹಿಂದೊಮ್ಮೆ ಬಸ್ ಬರುತ್ತಿತ್ತು. ಹಳ್ಳದ ತಿರುವಿನಲ್ಲಿ ಅದರ ಅಚ್ಚು ಮುರಿದ ಮೇಲೆ, "ಮೊದಲು ರಸ್ತೆ, ಆಮೇಲೆ ಬಸ್" ಎಂದು ಡಿಪೋದವರು ಕೈತೊಳೆದುಕೊಂಡರು. ಮಳೆಗಾಲದಲ್ಲಿ ಹಾಲಿನ ಕ್ಯಾನು ಕ್ರಾಸ್ ಮುಟ್ಟುವಷ್ಟರಲ್ಲಿ ಒಳಗೆ ಬೆಣ್ಣೆ ತೇಲುತ್ತದೆ ಎಂದು ಗಂಡಸರು ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ. ಮಗನ ಬೈಕಿನ ಹಿಂದೆ ಕೂತು ಬರುತ್ತಿದ್ದ ಮೊಮ್ಮಗಳು ಅದೇ ತಿರುವಿನಲ್ಲಿ ಬಿದ್ದು ಮೊಣಕೈ ಸುಲಿದುಕೊಂಡಿದ್ದಳು. ಗಾಯ ಮಾಯಿತು, ಕಲೆ ಹೋಗಲಿಲ್ಲ.

ಅವಳು ಹತ್ತನೆಯ ಇಯತ್ತೆಗೆ ಬಂದಾಗ ನನ್ನ ಮಗ ಒಂದು ಮಾತು ಹೇಳಿಬಿಟ್ಟ.

"ರಸ್ತಾ ಆಗಿ ಬಸ್ ಬಂದ್ರ ರಾಣೆಬೆನ್ನೂರ ಕಾಲೇಜಿಗೆ ಕಳಸ್ತೇನಿ. ಇಲ್ಲಂದ್ರ ಇಲ್ಲೇ ಹೊಲಿಗಿ ಕಲೀಲಿ. ದಿನಾ ಈ ಗುಂಡ್ಯಾಗ, ಮಳಿಯೊಳಗ, ಒಬ್ಬಾಕಿನ್ನ ನಡೀ ಅನ್ಲೇನು?"

ಅವನದು ತಪ್ಪಲ್ಲ. ಆದರೆ ಮೊಮ್ಮಗಳು ತನ್ನ ವಿಜ್ಞಾನದ ಪುಸ್ತಕವನ್ನು ಎದೆಗವಚಿಕೊಂಡು ಒಳಗೆ ಹೋದಳು. ಆ ಹೋದದ್ದು ನನ್ನ ಕಣ್ಣಿಗೆ ಕಟ್ಟಿತು. ಹೊಲಿಗೆ ಒಳ್ಳೆಯದೇ. ಅದು ಅವಳು ಆರಿಸಿಕೊಂಡದ್ದಾಗಬೇಕು, ಗುಂಡಿಗಳು ಆರಿಸಿಕೊಟ್ಟದ್ದಾಗಬಾರದು.

ಆ ವರ್ಷದ ಗ್ರಾಮಸಭೆಗೆ ನಾನು ಹೋದೆ. ಅದಕ್ಕೆ ಮೊದಲು ಒಮ್ಮೆಯೂ ಹೋದವಳಲ್ಲ. ಪಂಚಾಯತಿಯ ಮೆಂಬರು, ನಮ್ಮೂರ ಗೌಡರು, ಎದ್ದು ನಿಂತು ಈ ಸಲದ ದುಡ್ಡಿನಲ್ಲಿ ಮಾಡುವ ಕೆಲಸಗಳ ಪಟ್ಟಿ ಓದಿದರು. ಮೊದಲನೆಯದೇ ಊರ ಬಾಗಿಲಿಗೆ ಸ್ವಾಗತ ಕಮಾನು! ಜಾಗವನ್ನೂ ಸಪಾಟು ಮಾಡಿಸಿ ಇಟ್ಟಿದ್ದಾರಂತೆ.

"ಬಾಜೂ ಊರಿಗೆ ಕಮಾನ್ ಆತು. ಬಂದವ್ರಿಗೆ ನಮ್ಮೂರ ಅಂತ ಗೊತ್ತಾಗಬ್ಯಾಡೇನು?" ಎಂದರು.

ನಾನು ಎದ್ದೆ.

"ಗೌಡ್ರ, ಬಂದವ್ರು ಅಂದ್ರ ಯಾರ್ರಿ? ಈ ರಸ್ತಾದಾಗ ಬರೋರರ ಯಾರದಾರ?"

"ಕುಂದ್ರಬೇ ಯವ್ವಾ, ಇದು ದೊಡ್ಡ ಮಾತೈತಿ."

"ದೊಡ್ಡ ಮಾತ ನೀವು ಆಡ್ರಿ, ನಾ ಸಣ್ಣದೊಂದು ಕೇಳ್ತೇನಿ. ಹೆಣ್ಮಕ್ಕಳಿಗೆ ಬಸ್ಸಿನ್ಯಾಗ ಟಿಕೆಟಿನ ರೊಕ್ಕ ಇಲ್ಲಂತ ಸರ್ಕಾರ ಹೇಳಿ ಎಷ್ಟ ದಿನಾ ಆತು? ನಮ್ಮೂರಾಗ ಒಬ್ಬಾಕಿರ ಬಸ್ ಹತ್ಯಾಳೇನು? ಊಟಾ ಪುಕ್ಕಟ ಐತಿ, ಎಲಿನ ಇಲ್ಲ. ಮೊದಲ ಎಲಿ ಹಾಕ್ರಿ, ಆಮ್ಯಾಲ ತೋರಣ ಕಟ್ರಿ."

ಹೆಂಗಸರೆಲ್ಲ ಹೋ ಎಂದು ನಕ್ಕರು. ಹಿಂದಿನಿಂದ ಯಾರೋ, "ಕಮಾನಿನ ಮ್ಯಾಲಾದ್ರ ಗೌಡ್ರ ಹೆಸರ ಬರೀಬಹುದು. ಗುಂಡಿ ಮುಚ್ಚಿದ್ರ ಎಲ್ಲಿ ಬರೀಬೇಕಪಾ?" ಎಂದು ಕೂಗಿದ. ಗೌಡರ ಮುಖ ಬ್ಯಾಡಗಿ ಮೆಣಸಿನಕಾಯಿಯಾಯಿತು. ನಮ್ಮ ಸ್ವಸಹಾಯ ಸಂಘದ ಹೆಂಗಸರು ಒಬ್ಬರಾದ ಮೇಲೆ ಒಬ್ಬರು ಕೈ ಎತ್ತಿದರು. ರಸ್ತೆ ಮೊದಲನೆಯದಾಯಿತು, ಕಮಾನು ಕೆಳಗಿಳಿಯಿತು.

ಪಂಚಾಯತಿಯ ದುಡ್ಡು ಗುಂಡಿ ಮುಚ್ಚುವುದಕ್ಕಷ್ಟೇ, ಡಾಂಬರಿಗೆ ಹಾವೇರಿಯ ಜಿಲ್ಲಾ ಆಫೀಸಿಗೆ ಹೋಗಬೇಕು ಎಂದರು. ಮೊಮ್ಮಗಳು ಅರ್ಜಿ ಬರೆದಳು. ಮೂರು ಸಲ ಹಾವೇರಿಗೆ ಹೋದೆವು, ಮೂರು ಸಲವೂ ಕ್ರಾಸಿನವರೆಗೆ ನಡೆದೇ. ಮೂರನೆಯ ಸಲ ಕೆಸರು ಮೆತ್ತಿದ ನನ್ನ ಸೀರೆಯ ಅಂಚನ್ನು ಆಫೀಸಿನ ಮೇಜಿನ ಮುಂದೆ ಹಿಡಿದು, "ಅರ್ಜಿಯೊಳಗ ಬರದದ್ದು ತಿಳೀಲಿಲ್ಲಂದ್ರ ಇದನ್ನ ಓದ್ರಿ" ಎಂದೆ. ಅಲ್ಲಿದ್ದ ಹೆಣ್ಣುಮಗಳು ನಗುತ್ತಲೇ ಕಾಗದ ತೆಗೆದುಕೊಂಡು ಒಳಗೆ ಹೋದಳು.

ಬೇಸಿಗೆಯಲ್ಲಿ ರೋಲರ್ ಬಂತು. ಡಾಂಬರು ಆರಿದ ಮಾರನೆಯ ಬೆಳಿಗ್ಗೆ ಚಪ್ಪಲಿ ಕೈಯಲ್ಲಿ ಹಿಡಿದು ಬರಿಗಾಲಿನಲ್ಲಿ ಕ್ರಾಸಿನವರೆಗೂ ನಡೆದೆ. ಒಂದು ಹರಳೂ ಚುಚ್ಚಲಿಲ್ಲ! ಅದೇ ತಿಂಗಳು ಮೊಮ್ಮಗಳು ಚೆನ್ನಾಗಿ ಪಾಸಾದಳು. ಡಿಪೋದವರು ಬಂದು ರಸ್ತೆ ನೋಡಿ, ಒಂದು ಸಲ ಖಾಲಿ ಬಸ್ ಓಡಿಸಿ ಒಪ್ಪಿಗೆಯಾದರೆ ಕಾಲೇಜು ಸುರುವಾಗುವಷ್ಟರಲ್ಲಿ ಬಸ್ ಬಿಡುತ್ತೇವೆ ಎಂದರು. ಇನ್ನೇನು ಬೇಕು?

ಇನ್ನೇನೂ ಬೇಡವಾಗಿತ್ತು. ಆದರೆ ಬೇಸಿಗೆಯ ಗೋವಿನಜೋಳ ಕೊಯ್ಲಿಗೆ ಬಂದಿತ್ತು.

ನಾನು ಹುಟ್ಟಿದ್ದು ಬ್ಯಾಡಗಿ ಕಡೆ. ಅಲ್ಲಿ ಬಯಲು ಕಂಡಲ್ಲೆಲ್ಲ ಮೆಣಸಿನಕಾಯಿ ಹರವುತ್ತಾರೆ. ಖಾಲಿ ಬಿದ್ದ ಸಪಾಟು ನೆಲ ಕಂಡರೆ ನನ್ನ ಕೈ ತಾನೇ ತುರಿಸುತ್ತದೆ. ಮನೆಯ ಮುಂದಿನ ಮಣ್ಣಿನ ಕಣದಲ್ಲಿ ಕಾಳು ಒಣಗಲು ನಾಲ್ಕು ದಿನ ಬೇಕು. ಹೊಸ ರಸ್ತೆಯೋ ರೊಟ್ಟಿ ಹಂಚಿನ ಹಾಗೆ ಕಾದಿತ್ತು, ಕಪ್ಪಗೆ, ನುಣ್ಣಗೆ! ಒಂದು ಮುಂಜಾನೆ ನಾನೇ ಮೊದಲು ನಾಲ್ಕು ಬುಟ್ಟಿ ತಂದು ಹಳ್ಳದ ತಿರುವಿನಲ್ಲಿ ಹರವಿ, ಗಾಡಿ ಹಾಯದ ಹಾಗೆ ಸುತ್ತಲೂ ಕಲ್ಲಿಟ್ಟೆ. ಒಂದು ಮಗ್ಗುಲು ಖಾಲಿ ಬಿಟ್ಟಿದ್ದೇನೆ, ಬೈಕು ಹೋಗಲು ಅಷ್ಟು ಸಾಕಲ್ಲ, ಅಂದುಕೊಂಡೆ. ನಾನು ಹರವಿದ್ದನ್ನು ಕಂಡು ಪಕ್ಕದ ಮನೆಯವಳು ಹರವಿದಳು. ಅವಳನ್ನು ಕಂಡು ಅವಳ ನಾದಿನಿ. ಎರಡು ದಿನದಲ್ಲಿ ಊರಿಂದ ಹಳ್ಳದವರೆಗೆ ರಸ್ತೆಯೇ ಕಾಣದು, ಬರೀ ಹಳದಿ. ನೋಡಿದರೆ ಹಬ್ಬದ ಹಾಗಿತ್ತು. ನಾನು ಹಿಗ್ಗಿ ಹಿಗ್ಗಿ ನೋಡಿದೆ!

ಮೂರನೆಯ ದಿನ ಹತ್ತು ಗಂಟೆಗೆ ಗೌಡರು ಸ್ಕೂಟರ್ ಓಡಿಸಿಕೊಂಡು ಬಂದರು.

"ಡಿಪೋದವ್ರ ಫೋನ್ ಬಂದಿತ್ತು. ಖಾಲಿ ಬಸ್ ಇವತ್ತ ಬರಾಕತ್ತೈತಿ, ಹನ್ನೊಂದಕ್ಕ! ಏನಬೇ, ರಸ್ತಾ ಬೇಕಂದಿ, ಕೊಟ್ವಿ. ನೀ ನೋಡಿದ್ರ ಕಣಾ ಮಾಡ್ಕೊಂಡ ಕುಂತಿ!"

ಕಮಾನಿನ ಸೇಡು ತೀರಿಸಿಕೊಳ್ಳುವುದಿದ್ದರೆ ಅವರು ಮನೆಯಲ್ಲಿ ಸುಮ್ಮನೆ ಕೂತಿದ್ದರೆ ಸಾಕಾಗಿತ್ತು. ಕೂರಲಿಲ್ಲ. ಧೋತರ ಎತ್ತಿ ಕಟ್ಟಿ, "ನಿಂತ ಏನ ನೋಡ್ತಿ? ಕಾಳ ಬಳಿಯಾಕ ಹಲಗಿ ತಾ" ಎಂದರು.

ನಾನು ಊರೊಳಗೆ ಕೂಗುತ್ತ ಓಡಿದೆ. "ಬರ್ರೇ, ಬಸ್ ಬಂತು! ಜ್ವಾಳ ಎತ್ತರಿ!" ನನ್ನ ಮೊಣಕಾಲು ನೋವು ಆ ಹೊತ್ತು ಎಲ್ಲಿ ಹೋಗಿತ್ತೋ. ಕಸಬರಿಗೆ, ಬುಟ್ಟಿ, ಚೀಲ, ಮೊರ ಹಿಡಿದು ಹೆಂಗಸರು ಬಂದರು. ಮೊಮ್ಮಗಳು ಹಲಗೆಗೆ ಹಗ್ಗ ಕಟ್ಟಿ ಒಂದು ಕಡೆ ಎಳೆದಳು, ಗೌಡರು ಇನ್ನೊಂದು ಕಡೆ. ಎತ್ತಿದ ಕಾಳು ಎಲ್ಲಿ ಸುರಿಯುವುದು? ರಸ್ತೆಯ ಮಗ್ಗುಲಿಗೆಲ್ಲ ಮುಳ್ಳುಕಂಟಿ.

"ಕಮಾನಿನ ಜಾಗಾದಾಗ ಸುರೀರಿ," ಎಂದರು ಗೌಡರು.

"ನಿಮ್ಮ ಕಮಾನಿನ ಜಾಗಾದಾಗೇನ್ರಿ?"

"ಸುರಿಯಬೇ! ಅದೇನ ಇವತ್ತ ಏಳತೈತೇನು?"

ಪಕ್ಕದ ಮನೆಯವಳು ತನ್ನ ಕಾಳೂ ನಾದಿನಿಯ ಕಾಳೂ ಕಲೆತುಹೋದವೆಂದು ಅಷ್ಟರಲ್ಲೇ ಜಗಳ ತೆಗೆದಳು. "ಜಗಳಾ ಸಂಜಿಕಿ ಆಡ್ರಿ, ನಾನೂ ಕೂಡ್ತೇನಿ, ಈಗ ಬಳೀರಿ!" ಎಂದೆ. ಮುಖ ತಿರುಗಿಸಿಕೊಂಡೇ ಇಬ್ಬರೂ ಬಳಿದರು.

ಊರ ಕಡೆಯಿಂದ ಹಿಡಿದು ಒಂದೊಂದೇ ರಾಶಿ ಎತ್ತುತ್ತ ಹೋದೆವು. ಎಲ್ಲರದೂ ಎತ್ತಿಯಾಯಿತು, ಕಡೆಗೆ ಉಳಿದದ್ದು ಹಳ್ಳದ ತಿರುವಿನ ನನ್ನದೇ. ಅದಕ್ಕೆ ಕೈ ಹಚ್ಚುವಷ್ಟರಲ್ಲಿ ಕೆಂಪು ಬಸ್ ಬಂದು ನಿಂತಿತು. ಎಷ್ಟು ದೊಡ್ಡದು! ಡಿಪೋದ ಸಾಹೇಬರು ಇಳಿದರು. ನಾವೆಲ್ಲ ಬೆವರು, ಧೂಳು, ತಲೆ ತುಂಬ ಕಾಳಿನ ಹೊಟ್ಟು.

"ಇದು ಯಾರದು?" ಎಂದರು.

ಹೇಳದಿದ್ದರೂ ನಡೆಯುತ್ತಿತ್ತೇನೋ. ಮೊಮ್ಮಗಳ ಮುಖ ನೋಡಿದೆ.

"ನಂದರೀ ಸಾಹೇಬ್ರ. ರಸ್ತಾ ಬೇಕಂತ ಬಡಕೊಂಡಾಕೀನೂ ನಾನ, ಮೊದಲ ಹರವಿದಾಕೀನೂ ನಾನ."

ಡ್ರೈವರ್ ಇಳಿದು ಕಾಳಿನ ಮೇಲೆ ಕಾಲಿಟ್ಟು ತೋರಿಸಿದ. "ನೋಡಬೇ ಯವ್ವಾ, ಕಾಲ ಇಟ್ರ ಜಾರತೈತಿ. ಗಾಲಿ ಹಾದ್ರ ಬ್ರೇಕ್ ಹಿಡಿಯಂಗಿಲ್ಲ. ಒಳಗ ಮಂದಿ ಇರತಾರ, ಹಳ್ಳದಾಗ ಹೋಗತೈತಿ ಬಸ್." ನಾನು ಕಲ್ಲಿಟ್ಟದ್ದು ಅದೇ ತಿರುವಿನಲ್ಲಿ, ಮೊಮ್ಮಗಳು ಬಿದ್ದ ಜಾಗದಲ್ಲೇ. ಅದು ಆಗ ಹೊಳೆಯಿತು.

ನನ್ನ ರಾಶಿಯನ್ನೂ ಬಳಿದು ಎತ್ತಿದ ಮೇಲೆ ಸಾಹೇಬರು ಬಸ್ಸನ್ನು ಊರತನಕ ಒಯ್ದು ತಿರುಗಿಸಿ ತಂದರು. ಹೋಗುವಾಗ ಹೇಳಿದರು: "ರಸ್ತಾ ಪಾಸ್ ಆತು. ನೀವಿನ್ನೂ ಪಾಸ್ ಆಗಿಲ್ಲ. ಒಂದು ವಾರದಾಗ ಹೇಳದ ಕೇಳದ ಮತ್ತ ಬರ್ತೇನಿ. ಒಂದು ಕಾಳು ಕಂಡ್ರೂ ಬಸ್ ಇಲ್ಲ."

ಆ ವಾರ ನಾನು ರಸ್ತೆಯ ಮೇಲೇ ಇದ್ದೆ. ಮುಂಜಾನೆ ರೊಟ್ಟಿ ಗಂಟು ಕಟ್ಟಿಕೊಂಡು, ಕೋಲು ಹಿಡಿದು, ಬೇವಿನಮರದ ಕಟ್ಟೆಯಿಂದ ಹಳ್ಳದವರೆಗೆ ತಿರುಗುವುದೇ ಕೆಲಸ. ಚೀಲ ಹೊತ್ತು ಬಂದವರನ್ನು ದೂರದಿಂದಲೇ ಕಂಡು ಕೂಗುತ್ತಿದ್ದೆ. "ಏನಬೇ, ನೀ ಹರವಿದಾಗ ರಸ್ತಾ ಕಣಾ ಆಗಿತ್ತು, ನಾವು ಹರವಿದ್ರ ತಪ್ಪೇನು?" ಎಂದು ಕೇಳಿದರು. ಕೇಳಬೇಕಾದ್ದೇ. "ಹೌದವಾ, ನಂದ ತಪ್ಪು. ಬಯ್ಯಿ, ಹೊಟ್ಟಿತುಂಬ ಬಯ್ಯಿ, ಬೈಕೋತ ಚೀಲ ಕಮಾನಿನ ಜಾಗಾಕ್ಕ ಒಯ್ಯಿ" ಎನ್ನುತ್ತಿದ್ದೆ. ಆ ಜಾಗ ಎಲ್ಲರಿಗೂ ಸಾಲಲಿಲ್ಲ. ಪಾಳಿ ಹಚ್ಚಿ ಒಣಗಿಸಿದರು. ನನ್ನ ಪಾಳಿ ಕಡೆಗಿಟ್ಟೆ. ನಡುವೆ ಒಂದು ಅಡ್ಡಮಳೆ ಬಂದು ನನ್ನ ಎರಡು ಚೀಲ ಕಾಳು ತಾಡಪತ್ರಿಯ ಕೆಳಗೆ ಮೊಳೆತವು. ಎಮ್ಮೆಗೆ ಹಾಕಿದೆ. ಎಮ್ಮೆಯಾದರೂ ಸಂತೋಷಪಟ್ಟಿತು!

ಆರನೆಯ ದಿನ ಸಾಹೇಬರು ಬೈಕಿನ ಮೇಲೆ ಬಂದರು. ಕ್ರಾಸಿನಿಂದ ಊರವರೆಗೆ ನಿಧಾನಕ್ಕೆ ನೋಡುತ್ತ ಬಂದು ಕಟ್ಟೆಯ ಮುಂದೆ ನಿಲ್ಲಿಸಿದರು. ನನ್ನ ಕೈಯಲ್ಲಿನ ಕೋಲು ನೋಡಿ, "ಇದೇನವಾ?" ಎಂದರು.

"ದನಾ ಕಾಯಾಕತ್ತಿಲ್ರಿ, ರಸ್ತಾ ಕಾಯಾಕತ್ತೇನಿ."

"ಸೋಮವಾರದಿಂದ ಬಸ್ ಬರತೈತಿ" ಎಂದು ಬೈಕ್ ತಿರುಗಿಸಿದರು. ನಾನು ಕೋಲನ್ನು ಮುಳ್ಳುಕಂಟಿಯೊಳಗೆ ಎಸೆದುಬಿಟ್ಟೆ. ಮನೆಗೆ ಹೋದ ಮೇಲೆ ಮೊಮ್ಮಗಳನ್ನು ಎತ್ತಿಕೊಳ್ಳಹೋಗಿ ಇಬ್ಬರೂ ಬಿದ್ದೆವು.

ಸೋಮವಾರ ನಾನೂ ಅವಳ ಜೊತೆ ಹತ್ತಿದೆ. ನನ್ನ ಮಗ ಮಗಳ ಚೀಲ ಒಳಗೆ ಕೊಟ್ಟು, ಬಸ್ಸಿನ ತಗಡನ್ನು ಎಮ್ಮೆಯ ಬೆನ್ನು ತಟ್ಟಿದ ಹಾಗೆ ತಟ್ಟಿದ. ಕಂಡಕ್ಟರ್ ನನ್ನ ಕೈಗೆ ಸೊನ್ನೆ ಬರೆದ ಟಿಕೆಟ್ ಕೊಟ್ಟ. ಅದು ಈಗ ಕುಂಕುಮದ ಭರಣಿಯಲ್ಲಿದೆ. ಹಳ್ಳದ ತಿರುವು ಬಂದಾಗ ಮೊಮ್ಮಗಳು ತಿಳಿಯದೆಯೇ ಮೊಣಕೈ ಹಿಡಿದುಕೊಂಡಳು. ಬಸ್ ಅಲುಗದೆ ತಿರುವು ದಾಟಿತು. ಅವಳು ಕೈ ಬಿಟ್ಟು ನನ್ನ ಕಡೆ ನೋಡಿ ನಕ್ಕಳು. ಆ ನಗುವನ್ನು ಎಲ್ಲಿಡಲಿ? ಕಾಲೇಜಿನ ಗೇಟಿನವರೆಗೆ ಹೋಗಿ, ಅವಳು ಒಳಗೆ ಹೋಗಿ ಮರೆಯಾಗುವವರೆಗೂ ನಿಂತು, ಆಮೇಲೂ ಸ್ವಲ್ಪ ನಿಂತೆ. ರಾಣೆಬೆನ್ನೂರಿನಲ್ಲೇ ಇರುವ ನನ್ನ ಮಗಳು, ಅಂದರೆ ಅವಳ ಅತ್ತೆ, ಮೊದಲ ದಿನವೆಂದು ಆ ಒಂದು ರಾತ್ರಿ ಅವಳನ್ನು ತನ್ನ ಮನೆಯಲ್ಲೇ ಉಳಿಸಿಕೊಂಡಳು. ನನಗೆ ಎಮ್ಮೆ ಹಿಂಡಬೇಕಿತ್ತು, ಒಬ್ಬಳೇ ಸಂಜೆಯ ಬಸ್ಸಿಗೆ ಮರಳಿದೆ.

ಊರು ಇನ್ನೂ ಒಂದು ಕಿಲೋಮೀಟರ್ ಇದೆ ಎನ್ನುವಾಗ ಬಸ್ ನಿಂತಿತು. ಎದ್ದು ನೋಡಿದರೆ, ರಸ್ತೆಯ ಮೇಲೆ ಒಂದು ಹಳೆಯ ಸೀರೆ, ಸೀರೆಯ ಮೇಲೆ ತೊಳೆದು ಹರವಿದ ಗೋಧಿ! ಮಗ್ಗುಲ ತೋಟದಿಂದ ಗೌಡರ ಹೆಂಡತಿ ಓಡಿಬಂದರು, ಹಿಂದೆ ಗೌಡರು.

ನಾನು ಬಸ್ಸಿನಿಂದ ಇಳಿದೇಬಿಟ್ಟೆ. "ಗೌಡ್ರ, ಇದೇನ್ರಿ?"

"ಹಿಟ್ಟಿಗೆ ತೊಳದಿದ್ದು, ಒಂದು ತಾಸಿನ ಮಾತು ಅಂದ್ಲು..." ಎಂದು ಗೌಡರು ಹೆಂಡತಿಯ ಕಡೆ ಕೈ ಮಾಡಿದರು. ಅವರು ಗಂಡನ ಕಡೆ ಕೈ ಮಾಡಿದರು. ಬಸ್ಸಿನೊಳಗಿನ ಮಂದಿಯೆಲ್ಲ ನಗುತ್ತಿದ್ದರು. ಸೀರೆಯ ಎರಡು ಚುಂಗು ನಾನು ಹಿಡಿದೆ, ಎರಡು ಗೌಡರು. ಎತ್ತಿ ತೋಟದೊಳಗೆ ಇಟ್ಟೆವು.

"ಮುಂದಿನ ಸಭಾದಾಗ ಮೊದಲ ಕಣಾ ಬರಸ್ತೇನಬೇ," ಎಂದರು ಗೌಡರು, ಉಸಿರು ಬಿಡುತ್ತ. "ಅದ ಜಾಗಾದಾಗ, ಕಾಂಕ್ರೀಟಿಂದು, ಊರಿಗೆಲ್ಲ ಸಾಲೂವಂಥಾದ್ದು. ಕಮಾನು ಆಮ್ಯಾಲ."

"ಬರಸ್ರಿ. ಕಣದ ಮ್ಯಾಲೆ ನಿಮ್ಮ ಹೆಸರ ಎಷ್ಟ ದೊಡ್ಡದಾಗಿ ಬರದ್ರೂ ನಾ ಕೈ ಎತ್ತತೇನಿ."

ಡ್ರೈವರ್ ಹಾರ್ನ್ ಹೊಡೆದ. "ಲಗೂ ಹತ್ತಬೇ ಯವ್ವಾ, ಟೈಮ್ ಆತು!"

"ನೀ ಹೋಗಪಾ," ಎಂದೆ. "ನಾ ನಡಕೊಂಡ ಬರತೇನಿ. ರಸ್ತಾ ಚೊಲೋ ಐತಿ."